ನೋವು ಸಹಿಸುವುದು ಸಂಸಾರದ ಧರ್ಮವಲ್ಲ

ಈ ಸಲ ಬಂದ ಪತ್ರಗಳಲ್ಲಿ ಒಂದೇ ತೊಂದರೆಯನ್ನು ಬೇರೆ ಬೇರೆ ವಯಸ್ಸಿನ ಹೆಣ್ಣುಮಕ್ಕಳು ತಮ್ಮ ತಮ್ಮ ಮಾತಿನಲ್ಲಿ ಬರೆದಿದ್ದಾರೆ. ಮಿಲನದ ಹೊತ್ತಿನಲ್ಲಿ ಯೋನಿ ಒಣಗಿದ ಹಾಗಿರುವುದು, ಉರಿ, ನೋವು. ಬಹುತೇಕ ಪತ್ರಗಳಲ್ಲಿ ಹೆಸರಿಲ್ಲ, ಬಡಾವಣೆಯ ಹೆಸರಷ್ಟೇ ಇದೆ. "ಇದನ್ನು ಯಾರ ಹತ್ತಿರ ಹೇಳಲಿ?" ಎಂಬ ಪ್ರಶ್ನೆ ಮಾತ್ರ ಎಲ್ಲದರಲ್ಲೂ ಇದೆ.

ಇಂಥ ಮಾತು ನಮ್ಮ ಮೈಸೂರಿಗೆ ಹೊಸದೇನಲ್ಲ. 1930ರಲ್ಲೇ ಮೈಸೂರು ಸಂಸ್ಥಾನದ ಸರ್ಕಾರ ತನ್ನ ಆಸ್ಪತ್ರೆಗಳಲ್ಲಿ ಸಂತಾನ ನಿಯಂತ್ರಣ ಚಿಕಿತ್ಸಾಲಯಗಳನ್ನು ತೆರೆಯಲು ಆದೇಶ ಹೊರಡಿಸಿತ್ತು. ಮುಂದೆ ವೈದ್ಯೆ, ಲೇಖಕಿ ಅನುಪಮಾ ನಿರಂಜನ ಅವರು 'ದಾಂಪತ್ಯ ದೀಪಿಕೆ', 'ಸ್ತ್ರೀ ಸ್ವಾಸ್ಥ್ಯ ಸಂಹಿತೆ'ಯಂಥ ಪುಸ್ತಕಗಳಲ್ಲಿ ಹೆಣ್ಣಿನ ದೇಹದ ವಿಷಯವನ್ನು ಕನ್ನಡದಲ್ಲೇ, ಸಂಕೋಚವಿಲ್ಲದೆ ಬರೆದರು. ಅದೇ ಧೈರ್ಯದಿಂದ ಈ ಪತ್ರಗಳಿಗೆ ಉತ್ತರಿಸುತ್ತಿದ್ದೇನೆ.

ಪ್ರಶ್ನೆ: ಮೇಡಂ, ನನಗೆ 51 ವರ್ಷ. ಮುಟ್ಟು ನಿಂತು ಮೂರು ವರ್ಷವಾಯಿತು. ಒಂದು ವರ್ಷದಿಂದ ಗಂಡನ ಜೊತೆ ಸೇರಿದಾಗಲೆಲ್ಲ ಕೊಯ್ದ ಹಾಗೆ ಉರಿಯುತ್ತದೆ. "ನಿನಗೆ ಈಗ ನನ್ನ ಮೇಲೆ ಮನಸ್ಸಿಲ್ಲ" ಎನ್ನುತ್ತಾರೆ. ಮನಸ್ಸಿದೆ, ಆದರೆ ದೇಹ ಒಪ್ಪುತ್ತಿಲ್ಲ. ಇದು ವಯಸ್ಸಿನ ದೋಷವೇ? ಸುಮ್ಮನಿದ್ದುಬಿಡಬೇಕೇ?
– ಸರಸ್ವತಿಪುರಂ

ಉತ್ತರ: ಸುಮ್ಮನಿರಬೇಕಾಗಿಲ್ಲ. ಇದಕ್ಕೆ ಕಾರಣವೂ ಗೊತ್ತಿದೆ, ಪರಿಹಾರವೂ ಇದೆ. ಮುಟ್ಟು ನಿಂತ ಮೇಲೆ ಅಂಡಾಶಯದಲ್ಲಿ ಈಸ್ಟ್ರೋಜೆನ್ ಹಾರ್ಮೋನು ತಯಾರಾಗುವುದು ತೀರಾ ಕಡಿಮೆಯಾಗುತ್ತದೆ. ಯೋನಿಯ ಒಳಪದರ ದಪ್ಪವಾಗಿ, ಮೆತ್ತಗೆ, ತೇವವಾಗಿ ಇರಬೇಕಾದರೆ ಆ ಹಾರ್ಮೋನು ಬೇಕು. ಅದು ಕಡಿಮೆಯಾದಾಗ ಪದರ ತೆಳುವಾಗುತ್ತದೆ, ಹಿಗ್ಗುವ ಗುಣ ಕುಗ್ಗುತ್ತದೆ, ಸ್ವಲ್ಪ ತಿಕ್ಕಿದರೂ ಗಾಯವಾಗುತ್ತದೆ. ಕೆಲವರಿಗೆ ಮೂತ್ರದ ಉರಿ, ಪದೇ ಪದೇ ಮೂತ್ರದ ಸೋಂಕು ಕೂಡ ಇದರ ಜೊತೆಗೇ ಬರುತ್ತವೆ. ಪ್ರೀತಿ ಎಷ್ಟಿದೆ ಎಂಬುದಕ್ಕೂ ಇದಕ್ಕೂ ಸಂಬಂಧವಿಲ್ಲ. ಈ ಸಾಲನ್ನು ನಿಮ್ಮ ಯಜಮಾನರಿಗೆ ಓದಿ ಹೇಳಿ.

ಮೂರು ಬಗೆಯ ಉಪಾಯಗಳಿವೆ. ಮೊದಲನೆಯದು ಲೂಬ್ರಿಕೆಂಟ್. ಮಿಲನದ ಹೊತ್ತಿಗೆ ಹಚ್ಚಿಕೊಳ್ಳುವ ಜಾರುವ ಜೆಲ್ ಇದು. ಅರ್ಧದಿಂದ ಒಂದು ಟೀ ಚಮಚದಷ್ಟು ಸಾಕು. ಯೋನಿದ್ವಾರಕ್ಕೆ ನೀವೂ ಹಚ್ಚಿಕೊಳ್ಳಿ, ಅವರೂ ಹಚ್ಚಿಕೊಳ್ಳಲಿ. ನಡುವೆ ಒಣಗಿದರೆ ಮತ್ತೆ ಹಚ್ಚಿ. ಎರಡನೆಯದು ಯೋನಿಯ ಮಾಯಿಶ್ಚರೈಸರ್. ಮಿಲನ ಇರಲಿ ಬಿಡಲಿ, ವಾರಕ್ಕೆ ಎರಡು ಮೂರು ಸಲ ಮಲಗುವ ಮುಂಚೆ ಒಳಗೆ ಹಾಕಿಕೊಳ್ಳುವಂಥದ್ದು. ಹಯಲುರಾನಿಕ್ ಆಸಿಡ್ ಇರುವ ಇಂಥ ಜೆಲ್‌ಗಳು ಸಿಗುತ್ತವೆ. ನಡೆದಾಡುವಾಗ, ಕುಳಿತಾಗ ಕೂಡ ಉರಿಯುವವರಿಗೆ ಬರೀ ಲೂಬ್ರಿಕೆಂಟ್ ಸಾಲದು, ಇದೂ ಬೇಕು. ಮೂರನೆಯದು ವೈದ್ಯರು ಬರೆದುಕೊಡುವ ಈಸ್ಟ್ರೋಜೆನ್ ಕ್ರೀಮ್. ಸಾಮಾನ್ಯವಾಗಿ ಎರಡು ವಾರ ದಿನವೂ, ಆಮೇಲೆ ವಾರಕ್ಕೆ ಎರಡು ಸಲ ಹಚ್ಚುತ್ತಾರೆ. ಈ ಮೂರರಲ್ಲಿ ತೆಳುವಾದ ಪದರವನ್ನು ಮತ್ತೆ ಗಟ್ಟಿಮಾಡುವುದು ಇದೊಂದೇ. ರಕ್ತಕ್ಕೆ ಸೇರುವ ಪ್ರಮಾಣ ಬಹಳ ಕಡಿಮೆ.

ಒಂದು ಎಚ್ಚರಿಕೆ: ಮುಟ್ಟು ನಿಂತು ವರ್ಷ ಕಳೆದ ಮೇಲೆ ಒಂದು ತೊಟ್ಟು ರಕ್ತ ಕಂಡರೂ, ಅದು ಮಿಲನದ ನಂತರವೇ ಆಗಿದ್ದರೂ, "ಒಣಗಿದ್ದಕ್ಕೇ ಇರಬೇಕು" ಎಂದು ನೀವೇ ತೀರ್ಮಾನಿಸಬೇಡಿ. ಕೂಡಲೇ ತೋರಿಸಿ.

ಪ್ರಶ್ನೆ: ಮದುವೆಯಾಗಿ ಎಂಟು ತಿಂಗಳು. ಮಗು ಈಗಲೇ ಬೇಡವೆಂದು ಕಾಂಡೋಮ್ ಬಳಸುತ್ತೇವೆ. ನೋವಾಗುತ್ತದೆಂದು ಕೊಬ್ಬರಿ ಎಣ್ಣೆ ಹಚ್ಚುತ್ತಿದ್ದೆವು. ಎರಡು ಸಲ ಕಾಂಡೋಮ್ ಹರಿದುಹೋಯಿತು. ಎಣ್ಣೆಗೂ ಅದಕ್ಕೂ ಸಂಬಂಧ ಉಂಟೇ? ಯಾವ ಜೆಲ್ ತೆಗೆದುಕೊಳ್ಳಬೇಕು?
– ವಿಜಯನಗರ ಎರಡನೇ ಹಂತ

ಉತ್ತರ: ನೇರ ಸಂಬಂಧವಿದೆ. ನಮ್ಮಲ್ಲಿ ಸಿಗುವ ಕಾಂಡೋಮ್‌ಗಳು ಹೆಚ್ಚಾಗಿ ಲೇಟೆಕ್ಸ್‌ನವು, ಅಂದರೆ ರಬ್ಬರ್ ಹಾಲಿನಿಂದ ಮಾಡಿದವು. ಎಣ್ಣೆ ತಗುಲಿದ ಕೆಲವೇ ನಿಮಿಷಗಳಲ್ಲಿ ಲೇಟೆಕ್ಸ್ ಬಲ ಕಳೆದುಕೊಳ್ಳತೊಡಗುತ್ತದೆ. ಕೊಬ್ಬರಿ ಎಣ್ಣೆ, ಹರಳೆಣ್ಣೆ, ತುಪ್ಪ, ವ್ಯಾಸಲಿನ್, ಬೇಬಿ ಆಯಿಲ್, ಕೈಗೆ ಹಚ್ಚುವ ಲೋಷನ್ ಯಾವುದೂ ಲೇಟೆಕ್ಸ್ ಜೊತೆ ಸಲ್ಲದು. ಮುಂದೆ ಎಂದಾದರೂ ಕಾಂಡೋಮ್ ಹರಿದರೆ 72 ಗಂಟೆಯೊಳಗೆ ತುರ್ತು ಗರ್ಭನಿರೋಧಕ ಮಾತ್ರೆ ತೆಗೆದುಕೊಳ್ಳಬೇಕು. ಎಷ್ಟು ಬೇಗ ನುಂಗಿದರೆ ಅಷ್ಟು ಒಳ್ಳೆಯದು. ಈ ತಿಂಗಳ ಮುಟ್ಟು ತಡವಾಗಿದ್ದರೆ ಪರೀಕ್ಷೆ ಮಾಡಿಕೊಳ್ಳಿ.

ಅಂಗಡಿಯಲ್ಲಿ ಸಿಗುವ ಲೂಬ್ರಿಕೆಂಟ್‌ಗಳಲ್ಲಿ ಮೂರು ಜಾತಿ. ನೀರಿನ ಆಧಾರದವು ಲೇಟೆಕ್ಸ್‌ಗೆ ಹಾನಿ ಮಾಡುವುದಿಲ್ಲ, ತೊಳೆದರೆ ಹೋಗುತ್ತವೆ, ಬಟ್ಟೆಗೆ ಕಲೆಯಾಗುವುದಿಲ್ಲ. ಬೇಗ ಒಣಗುವುದು ಇವುಗಳ ಕೊರತೆ. ಒಣಗಿದಾಗ ಎರಡು ಹನಿ ನೀರು ತಾಕಿಸಿದರೆ ಮತ್ತೆ ಜಾರುತ್ತವೆ. ಸಿಲಿಕೋನ್ ಆಧಾರದವು ಬಹಳ ಹೊತ್ತು ಉಳಿಯುತ್ತವೆ, ಲೇಟೆಕ್ಸ್‌ಗೂ ಸರಿ. ಆದರೆ ಬೆಲೆ ಹೆಚ್ಚು, ತೊಳೆಯಲು ಸೋಪು ಬೇಕು, ಬಚ್ಚಲಿನ ನೆಲಕ್ಕೆ ಬಿದ್ದರೆ ಕಾಲು ಜಾರುತ್ತದೆ. ಸಿಲಿಕೋನ್‌ನಿಂದಲೇ ಮಾಡಿದ ಸಾಧನಗಳ ಜೊತೆ ಮಾತ್ರ ಇವು ಬೇಡ. ಎಣ್ಣೆ ಆಧಾರದವು ಕಾಂಡೋಮ್ ಬಳಸುವವರಿಗೆ ಆಗುವುದಿಲ್ಲ. ಕಾಂಡೋಮ್ ಬೇಡದವರು, ಪದೇ ಪದೇ ಸೋಂಕು ಬರದವರು ಅಡುಗೆಗೆ ಬಳಸುವ ಶುದ್ಧ ಕೊಬ್ಬರಿ ಎಣ್ಣೆ ಹಚ್ಚಿ ನೋಡಬಹುದು. ಸುವಾಸನೆ ಬೆರೆಸಿದ ತಲೆಗೆಣ್ಣೆ ಬೇಡ.

ನಿಮಗೆ ನನ್ನ ಸಲಹೆ ನೀರಿನ ಆಧಾರದ್ದು. ಆದರೆ ಜೆಲ್‌ಗಿಂತ ಮುಂಚೆ ಸಮಯ ಬೇಕು. ಹೆಣ್ಣಿನ ದೇಹ ಸಿದ್ಧವಾಗಿ ತಾನಾಗಿ ಒದ್ದೆಯಾಗಲು ಹೊತ್ತು ಹಿಡಿಯುತ್ತದೆ. ಮಾತು, ಅಪ್ಪುಗೆ, ಮುದ್ದು ಎಲ್ಲಕ್ಕೂ ಬಿಡುವು ಕೊಡಿ. ಕೂಡು ಕುಟುಂಬದ ಮನೆಯಲ್ಲಿ ಪಕ್ಕದ ಕೋಣೆಯಲ್ಲಿ ಯಾರೋ ಎಚ್ಚರವಾಗಿದ್ದಾರೆ ಎಂಬ ಆತಂಕವಿದ್ದರೂ ದೇಹ ಬಿಗಿದುಕೊಳ್ಳುತ್ತದೆ. ಇಷ್ಟೆಲ್ಲ ಆದ ಮೇಲೂ, ಜೆಲ್ ಹಚ್ಚಿದರೂ ಒಳಗೆ ಸೇರಿಸಲಾಗದಷ್ಟು ಸ್ನಾಯು ಬಿಗಿಯುತ್ತಿದ್ದರೆ ಅದು ವಜೈನಿಸ್ಮಸ್ ಇರಬಹುದು. ಬಲವಂತ ಮಾಡಿದಷ್ಟೂ ಅದು ಹೆಚ್ಚುತ್ತದೆ. ಆಪ್ತಸಮಾಲೋಚನೆ ಮತ್ತು ಕಿಬ್ಬೊಟ್ಟೆಯ ತಳದ ಸ್ನಾಯುಗಳ ಫಿಸಿಯೋಥೆರಪಿಯಿಂದ ಹೆಚ್ಚಿನವರು ಗುಣವಾಗುತ್ತಾರೆ.

ಪ್ರಶ್ನೆ: ನಮ್ಮನೆಯವರು ಮೆಡಿಕಲ್ಸ್‌ನಲ್ಲಿ "ಜೆಲ್ಲಿ ಕೊಡಿ" ಎಂದು ಕೇಳಿ ಒಂದು ಟ್ಯೂಬ್ ತಂದರು. ಹಚ್ಚಿದರೆ ಸ್ವಲ್ಪ ಹೊತ್ತಿಗೆ ಮರಗಟ್ಟಿದ ಹಾಗಾಗುತ್ತದೆ, ನೋವೂ ಗೊತ್ತಾಗುವುದಿಲ್ಲ. ಮಾರನೆಯ ದಿನ ನೋಡಿದರೆ ಒಳಗೆ ತರಚಿರುತ್ತದೆ. ಇದು ಸರಿಯಾದ ಜೆಲ್ಲಿಯೇ?
– ಬನ್ನಿಮಂಟಪ

ಉತ್ತರ: ಅಲ್ಲ. ನೀವು ಹೇಳುವುದನ್ನು ನೋಡಿದರೆ ಅದು ಲಿಗ್ನೋಕೇನ್ ಜೆಲ್ಲಿ. ಮೂತ್ರದ ಕೊಳವೆ ಹಾಕುವಾಗ ನೋವು ತಿಳಿಯದಿರಲಿ ಎಂದು ಆಸ್ಪತ್ರೆಯಲ್ಲಿ ಬಳಸುವ ಅರಿವಳಿಕೆ ಔಷಧ ಅದು. ಟ್ಯೂಬಿನ ಆಕಾರವೂ ಒಳಗಿನ ಜೆಲ್ಲಿಯ ರೂಪವೂ ಲೂಬ್ರಿಕೆಂಟ್‌ನ ಹಾಗೇ ಇರುತ್ತದೆ. ಹೆಸರು ಸರಿಯಾಗಿ ಹೇಳದಿದ್ದರೆ ಅಂಗಡಿಯಲ್ಲಿ ಅದನ್ನೇ ಕೊಟ್ಟುಬಿಡುವುದುಂಟು. ಟ್ಯೂಬಿನ ಮೇಲೆ ಲಿಗ್ನೋಕೇನ್ ಅಥವಾ ಲಿಡೋಕೇನ್ ಎಂದಿದೆಯೇ ನೋಡಿ. ಇದ್ದರೆ ನಿಲ್ಲಿಸಿ.

ನೋವು ದೇಹ ಕೊಡುವ ಎಚ್ಚರಿಕೆ. ಅದನ್ನು ಮರೆಸಿ ಮುಂದುವರಿದರೆ ಗಾಯವಾದದ್ದು ಗೊತ್ತಾಗುವುದಿಲ್ಲ, ಗಾಯದಿಂದ ಸೋಂಕು ಸುಲಭವಾಗಿ ಒಳಹೋಗುತ್ತದೆ. ಅದೇ ಔಷಧ ಗಂಡಸಿಗೂ ತಗುಲಿ ಅವರಿಗೂ ಸ್ಪರ್ಶ ತಿಳಿಯದಂತಾಗುತ್ತದೆ. ತರಚಿದ್ದು ಪೂರ್ತಿ ಮಾಯುವವರೆಗೆ ಬಿಡುವು ಕೊಡಿ. ವಾರದಲ್ಲಿ ಮಾಯದಿದ್ದರೆ ತೋರಿಸಿ.

ಅಂಗಡಿಯಲ್ಲಿ ಬಾಯಿಬಿಟ್ಟು ಕೇಳಲು ಸಂಕೋಚವಾದರೆ ಚೀಟಿಯಲ್ಲಿ "ವಾಟರ್ ಬೇಸ್ಡ್ ಪರ್ಸನಲ್ ಲೂಬ್ರಿಕೆಂಟ್, ಲಿಗ್ನೋಕೇನ್ ಇಲ್ಲದ್ದು" ಎಂದು ಬರೆದುಕೊಡಿ. ದೇವರಾಜ ಅರಸು ರಸ್ತೆಯ ದೊಡ್ಡ ಅಂಗಡಿಯಿರಲಿ, ನಿಮ್ಮ ಬೀದಿಯ ಚಿಕ್ಕ ಅಂಗಡಿಯಿರಲಿ, ಅವರಿಗೆ ಇದು ನಿತ್ಯದ ವ್ಯಾಪಾರ. ಆನ್‌ಲೈನ್‌ನಲ್ಲಿ ತರಿಸಿದರೂ ಆಗುತ್ತದೆ. ಸ್ಕ್ಯಾನಿಂಗ್‌ಗೆ ಹಚ್ಚುವ ಅಲ್ಟ್ರಾಸೌಂಡ್ ಜೆಲ್, ಶಾಂಪೂ, ಸೋಪಿನ ನೊರೆ, ಕತ್ತರಿಸಿದ ಲೋಳೆಸರದ ರಸ ಯಾವುದನ್ನೂ ಬದಲಿಗೆ ಬಳಸಬೇಡಿ.

ಪ್ರಶ್ನೆ: ನೀರಿನ ಆಧಾರದ ಜೆಲ್ಲನ್ನೇ ತಂದೆವು, "ಬಿಸಿ ಅನುಭವ", ಸ್ಟ್ರಾಬೆರಿ ವಾಸನೆ ಎಂದೆಲ್ಲ ಬರೆದಿತ್ತು. ಹಚ್ಚಿದ ಮೇಲೆ ಉರಿ, ಎರಡು ದಿನ ಬಿಟ್ಟು ತುರಿಕೆ, ಮೊಸರಿನಂತೆ ಬಿಳುಪು ಹೋಗುತ್ತಿದೆ. ನನಗೆ ಸಕ್ಕರೆ ಕಾಯಿಲೆಯೂ ಇದೆ. ಡೆಟಾಲ್ ಹಾಕಿ ತೊಳೆಯುತ್ತಿದ್ದೇನೆ.
– ಕುವೆಂಪುನಗರ

ಉತ್ತರ: ಮೊದಲು ಡೆಟಾಲ್ ನಿಲ್ಲಿಸಿ. ಯೋನಿಯೊಳಗೆ ಕಾವಲಿಗಿರುವ ಒಳ್ಳೆಯ ಲ್ಯಾಕ್ಟೋಬ್ಯಾಸಿಲಸ್ ಬ್ಯಾಕ್ಟೀರಿಯಾಗಳನ್ನು ಅದು ಕೊಲ್ಲುತ್ತದೆ, ಒಳಪದರವನ್ನು ಸುಡುತ್ತದೆ. ಹೊರಗೆ ಬರೀ ನೀರಿನಿಂದ ತೊಳೆದರೆ ಸಾಕು, ಒಳಗೆ ತೊಳೆಯುವುದೇ ಬೇಡ. ಮೊಸರಿನಂಥ ಬಿಳುಪು, ತುರಿಕೆ ಫಂಗಸ್ ಸೋಂಕಿನ ಲಕ್ಷಣ. ಸಕ್ಕರೆ ಹತೋಟಿಯಲ್ಲಿಲ್ಲದಿದ್ದರೆ ಅದು ಮರುಕಳಿಸುತ್ತದೆ. ರಕ್ತದ ಸಕ್ಕರೆ ಪರೀಕ್ಷೆ ಮಾಡಿಸಿ, ವೈದ್ಯರಿಗೆ ತೋರಿಸಿ. ಗುಣವಾಗುವವರೆಗೆ ಮಿಲನ ಬೇಡ.

ಇನ್ನು ಜೆಲ್ ವಿಷಯ. ಆರೋಗ್ಯವಂತ ಯೋನಿಯ ಪಿಎಚ್ ಸುಮಾರು 3.8ರಿಂದ 4.5. ಅಂದರೆ ಸಹಜವಾಗಿ ಆಮ್ಲೀಯ. ಜೆಲ್‌ನ ಪಿಎಚ್ ಕೂಡ 4.5ರ ಆಸುಪಾಸಿನಲ್ಲಿದ್ದರೆ ಒಳ್ಳೆಯದು. ಇನ್ನೊಂದು ಲೆಕ್ಕ ಆಸ್ಮೊಲಾಲಿಟಿ, ಅಂದರೆ ಜೆಲ್ ಎಷ್ಟು ಸಾಂದ್ರವಾಗಿದೆ ಎಂಬುದು. ಉಪ್ಪಿನಕಾಯಿಗೆ ಹೆಚ್ಚಿದ ಮಾವಿನ ಹೋಳಿಗೆ ಉಪ್ಪು ಬೆರೆಸಿದರೆ ಹೋಳು ನೀರು ಬಿಡುತ್ತದಲ್ಲ, ಸಾಂದ್ರತೆ ಅತಿಯಾದ ಜೆಲ್ ಕೂಡ ಯೋನಿಯ ಜೀವಕೋಶಗಳಿಂದ ಹಾಗೆಯೇ ನೀರೆಳೆಯುತ್ತದೆ. ಒಣಗಿದ್ದಕ್ಕೆಂದು ಹಚ್ಚಿದ್ದೇ ಮತ್ತಷ್ಟು ಒಣಗಿಸುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 2012ರಲ್ಲಿ ಕೊಟ್ಟ ಸಲಹೆಯಂತೆ ಇದು 380ರ ಒಳಗಿದ್ದರೆ ಉತ್ತಮ, 1200 ಮೀರಲೇಬಾರದು. ಗ್ಲಿಸರಿನ್, ಪ್ರೊಪಿಲೀನ್ ಗ್ಲೈಕಾಲ್ ಹೆಚ್ಚಿರುವ ಕೆಲವು ಜೆಲ್‌ಗಳಲ್ಲಿ 2000ವನ್ನೂ ದಾಟುತ್ತದೆ.

ಎಲ್ಲ ಕಂಪನಿಗಳೂ ಈ ಸಂಖ್ಯೆಯನ್ನು ಡಬ್ಬಿಯ ಮೇಲೆ ಮುದ್ರಿಸುವುದಿಲ್ಲ. ಆಗ ಪದಾರ್ಥಗಳ ಪಟ್ಟಿ ಓದಿ. ಗ್ಲಿಸರಿನ್ ಅಥವಾ ಗ್ಲೈಕಾಲ್ ಮೊದಲ ಎರಡು ಮೂರು ಹೆಸರುಗಳಲ್ಲೇ ಇದ್ದರೆ ಬೇರೆಯದನ್ನು ಹುಡುಕಿ. ಸುವಾಸನೆ, ರುಚಿ, ಬಣ್ಣ, "ಬಿಸಿ", "ತಂಪು", ನೊನಾಕ್ಸಿನಾಲ್-9 ಎಂಬ ವೀರ್ಯನಾಶಕ ಇವೆಲ್ಲ ಬೇಡ. ಹೊಸ ಜೆಲ್ ತಂದಾಗ ಮುಂಗೈ ಒಳಭಾಗಕ್ಕೆ ಸ್ವಲ್ಪ ಹಚ್ಚಿ ಒಂದು ದಿನ ನೋಡಿ. ಕೆಂಪಾಗದಿದ್ದರೆ ಬಳಸಿ.

ಪ್ರಶ್ನೆ: ಹೆರಿಗೆಯಾಗಿ ಐದು ತಿಂಗಳು. ತವರಿನ ಬಾಣಂತನ ಮುಗಿಸಿ ಬಂದಿದ್ದೇನೆ. ಮಗುವಿಗೆ ಎದೆಹಾಲು ಮಾತ್ರ. ಮೊದಲು ಇಲ್ಲದಿದ್ದ ಒಣಗುವಿಕೆ, ನೋವು ಈಗ ಶುರುವಾಗಿದೆ. ಜೆಲ್ ಹಚ್ಚಿದರೆ ಹಾಲಿಗೆ ತೊಂದರೆಯೇ?
– ರಾಮಕೃಷ್ಣನಗರ

ಉತ್ತರ: ಹಾಲಿಗೆ ಏನೂ ತೊಂದರೆಯಿಲ್ಲ, ನಿಶ್ಚಿಂತೆಯಿಂದ ಬಳಸಿ. ಹಾಲೂಡಿಸುವಾಗ ಪ್ರೊಲ್ಯಾಕ್ಟಿನ್ ಹಾರ್ಮೋನು ಏರುತ್ತದೆ, ಅದು ಅಂಡಾಶಯಕ್ಕೆ ವಿಶ್ರಾಂತಿ ಕೊಡುತ್ತದೆ. ಹಾಗಾಗಿ ಈಸ್ಟ್ರೋಜೆನ್ ಇಳಿದು, ಮುಟ್ಟು ನಿಂತವರಿಗೆ ಆಗುವಂಥದ್ದೇ ನಿಮಗೂ ಆಗುತ್ತಿದೆ. ಹಾಲೂಡಿಸುವುದು ಕಡಿಮೆಯಾದಂತೆ, ಮುಟ್ಟು ಮರಳಿದಂತೆ ತಾನಾಗಿ ಸರಿಹೋಗುತ್ತದೆ. ಅದಕ್ಕೋಸ್ಕರ ಹಾಲು ಬಿಡಿಸಬೇಡಿ.

ಹೆರಿಗೆಯಲ್ಲಿ ಹೊಲಿಗೆ ಬಿದ್ದಿದ್ದರೆ, ನೋವು ಆ ಜಾಗದಲ್ಲೇ ಬರುತ್ತಿದ್ದರೆ ಒಮ್ಮೆ ತೋರಿಸಿ. ಗಾಯದ ಗುರುತು ಗಟ್ಟಿಯಾಗಿದ್ದರೆ ಅದಕ್ಕೆ ಬೇರೆ ಚಿಕಿತ್ಸೆಯಿದೆ. ರಾತ್ರಿಯೆಲ್ಲ ಮಗುವಿನ ಜೊತೆ ಎಚ್ಚರವಿರುವ ತಾಯಿಗೆ ಆಸೆ ಕುಗ್ಗುವುದೂ ಸಹಜ. ಬೇಕೆನಿಸುವವರೆಗೆ ಕಾಯುವುದು ನಿಮ್ಮ ಹಕ್ಕು. ಎದೆಹಾಲು ಕೊಡುತ್ತಿದ್ದರೂ ಗರ್ಭ ನಿಲ್ಲಬಹುದು, ಆದ್ದರಿಂದ ಗರ್ಭನಿರೋಧದ ಬಗ್ಗೆಯೂ ಕೇಳಿಕೊಳ್ಳಿ.

ಪ್ರಶ್ನೆ: ನನಗೆ 32. ಒಂಬತ್ತು ತಿಂಗಳಿಂದ ಮಗುವಿಗೆ ಪ್ರಯತ್ನಿಸುತ್ತಿದ್ದೇವೆ. "ಇಂಥ ದಿನವೇ ಸೇರಬೇಕು" ಎಂಬ ಒತ್ತಡದಲ್ಲಿ ನನಗೆ ಒದ್ದೆಯೇ ಆಗುವುದಿಲ್ಲ. ಜೆಲ್ ಬಳಸಿದರೆ ಗರ್ಭ ನಿಲ್ಲುವುದಿಲ್ಲವೆಂದು ನಾದಿನಿ ಹೇಳಿದಳು.
– ಹೆಬ್ಬಾಳ

ಉತ್ತರ: ನಿಮ್ಮ ನಾದಿನಿಯ ಮಾತಿನಲ್ಲಿ ಅರ್ಧ ಸತ್ಯವಿದೆ. ಪ್ರಯೋಗಾಲಯದಲ್ಲಿ ಪರೀಕ್ಷಿಸಿದಾಗ ಅನೇಕ ಜೆಲ್‌ಗಳು, ಉಗುಳು ಸಹ, ವೀರ್ಯಾಣುಗಳ ಓಟವನ್ನು ತಗ್ಗಿಸುತ್ತವೆ. ಆದರೆ ಮಗುವಿಗೆ ಪ್ರಯತ್ನಿಸುತ್ತಿದ್ದ ದಂಪತಿಗಳನ್ನೇ ಗಮನಿಸಿದಾಗ, ಬಳಸಿದವರಿಗೂ ಬಳಸದವರಿಗೂ ಗರ್ಭ ನಿಲ್ಲುವುದರಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಂಡಿಲ್ಲ. ಹಾಗಾಗಿ ಹಿಂದೆ ಬಳಸಿದ್ದಕ್ಕೆ ಕೊರಗಬೇಡಿ. ಮುಂದಕ್ಕೆ "ಫರ್ಟಿಲಿಟಿ ಫ್ರೆಂಡ್ಲಿ" ಎಂದು ಬರೆದಿರುವುದನ್ನು ಆರಿಸಿ. ಅವುಗಳ ಪಿಎಚ್ ವೀರ್ಯಕ್ಕೆ ಹೊಂದುವಂತೆ 7ರ ಮೇಲಿರುತ್ತದೆ, ಸಾಂದ್ರತೆ ಕಡಿಮೆಯಿರುತ್ತದೆ.

ತಾರೀಖು ನೋಡಿ ಸೇರುವ ಕಷ್ಟ ಕಡಿಮೆ ಮಾಡಿಕೊಳ್ಳಿ. ಅಂಡ ಬಿಡುಗಡೆಯಾಗುವ ದಿನವೂ ಅದರ ಹಿಂದಿನ ಐದು ದಿನಗಳೂ ಫಲವತ್ತಾದ ಕಾಲ. ಆ ತಿಂಗಳ ಮುಟ್ಟಿನ ದಿನಗಳು ಮುಗಿದ ಮೇಲಿನಿಂದ ಎರಡು ಮೂರು ದಿನಕ್ಕೊಮ್ಮೆ ಸೇರಿದರೆ ಸಾಕು, ಒಂದೇ ದಿನಕ್ಕೆ ಕಾದು ಕೂರಬೇಕಾಗಿಲ್ಲ. ಒಂದು ವರ್ಷ ತುಂಬಿದರೂ ನಿಲ್ಲದಿದ್ದರೆ ಇಬ್ಬರೂ ಒಟ್ಟಿಗೆ ಪರೀಕ್ಷೆ ಮಾಡಿಸಿ. 35 ದಾಟಿದವರು ಆರು ತಿಂಗಳಿಗೇ ಹೋಗಬೇಕು.

ಪ್ರಶ್ನೆ: ಎರಡು ವರ್ಷದ ಹಿಂದೆ ಸ್ತನ ಕ್ಯಾನ್ಸರ್ ಚಿಕಿತ್ಸೆ ಆಯಿತು. ಈಗ ಲೆಟ್ರೊಜೋಲ್ ಮಾತ್ರೆ ನುಂಗುತ್ತಿದ್ದೇನೆ. ವಯಸ್ಸು 56. ತೀರಾ ಒಣಗಿ, ಕೂರಲೂ ಕಷ್ಟ. ಬದುಕಿ ಬಂದದ್ದೇ ಹೆಚ್ಚು, ಇದನ್ನೆಲ್ಲ ಕೇಳಬಾರದೇನೋ ಎನಿಸುತ್ತದೆ.
– ಸಿದ್ಧಾರ್ಥ ಬಡಾವಣೆ

ಉತ್ತರ: ಕೇಳಬೇಕು. ಬದುಕಿ ಬಂದ ಮೇಲೆ ನೆಮ್ಮದಿಯಾಗಿ ಬದುಕುವುದೂ ಚಿಕಿತ್ಸೆಯ ಭಾಗವೇ. ಲೆಟ್ರೊಜೋಲ್ ದೇಹದಲ್ಲಿ ಅಳಿದುಳಿದ ಈಸ್ಟ್ರೋಜೆನ್ ಅನ್ನೂ ತಗ್ಗಿಸುತ್ತದೆ. ಕ್ಯಾನ್ಸರ್ ಮರಳದಿರಲು ಅದು ಬೇಕು, ಒಣಗುವುದು ಅದರ ಅಡ್ಡಪರಿಣಾಮ. ನಿಮ್ಮಷ್ಟಕ್ಕೆ ನೀವೇ ಮಾತ್ರೆ ಬಿಡಬೇಡಿ.

ಹಾರ್ಮೋನು ಇಲ್ಲದ ಉಪಾಯಗಳಿಂದ ಶುರುಮಾಡಿ. ವಾರಕ್ಕೆ ಎರಡು ಮೂರು ಸಲ ಮಾಯಿಶ್ಚರೈಸರ್ ತಪ್ಪಿಸದೆ ಹಾಕಿ. ಪರಿಣಾಮ ಕಾಣಲು ಕೆಲವು ವಾರ ಬೇಕಾಗಬಹುದು. ಮಿಲನದ ಹೊತ್ತಿಗೆ ಸಿಲಿಕೋನ್ ಲೂಬ್ರಿಕೆಂಟ್ ನಿಮಗೆ ಹೆಚ್ಚು ಹೊಂದೀತು, ಅದು ಹೀರಿಹೋಗುವುದಿಲ್ಲ, ಬಹಳ ಹೊತ್ತು ನಿಲ್ಲುತ್ತದೆ. ಈಸ್ಟ್ರೋಜೆನ್ ಕ್ರೀಮನ್ನು ಮಾತ್ರ ಬೇರೆಯವರ ಚೀಟಿ ತೋರಿಸಿ ಕೊಳ್ಳಬೇಡಿ. ಉಳಿದ ಉಪಾಯಗಳು ಸಾಲದಿದ್ದಾಗ ನಿಮ್ಮ ಕ್ಯಾನ್ಸರ್ ತಜ್ಞರೂ ಸ್ತ್ರೀರೋಗ ತಜ್ಞರೂ ಸೇರಿ ನಿರ್ಧರಿಸಬೇಕಾದ ವಿಷಯ ಅದು. ಮುಂದಿನ ಭೇಟಿಯಲ್ಲಿ ಅವರು ಕೇಳುವವರೆಗೆ ಕಾಯಬೇಡಿ, ನೀವೇ ಹೇಳಿ.

ಪ್ರಶ್ನೆ: ಡಾಕ್ಟ್ರೇ, ನಾನು ಗಂಡಸು, 48 ವರ್ಷ. ಹೆಂಡತಿ ಈಚೆಗೆ ಹತ್ತಿರ ಬಂದರೆ "ಬೇಡ" ಎನ್ನುತ್ತಾಳೆ. ನೋವೆಂದು ಒಮ್ಮೆ ಹೇಳಿದ್ದಳು. ಅವಳಿಗೆ ಹೇಳದೆ ಒಂದು ಒಳ್ಳೆಯ ಜೆಲ್ ತಂದಿಟ್ಟರೆ ಸರಿಹೋಗುತ್ತದೆಯೇ?
– ಗೋಕುಲಂ

ಉತ್ತರ: ನೀವು ಕೇಳಿದ್ದೇ ಒಳ್ಳೆಯದಾಯಿತು. ಆದರೆ ಜೆಲ್ ತರುವ ಮುಂಚೆ ಮಾತಾಡಿ, ಅದೂ ಹಾಸಿಗೆಯಲ್ಲಲ್ಲ, ಹಗಲು ಹೊತ್ತಿನಲ್ಲಿ. "ನೋವು ಎಲ್ಲಿ, ಯಾವಾಗಿಂದ?" ಎಂದು ಕೇಳಿ, ಅಡ್ಡ ಬಾಯಿ ಹಾಕದೆ ಕೇಳಿಸಿಕೊಳ್ಳಿ. ಅವರೂ ನಿಮ್ಮ ಆಸುಪಾಸಿನ ವಯಸ್ಸಿನವರಾದರೆ ಮುಟ್ಟು ಏರುಪೇರಾಗುತ್ತಿರಬಹುದು. ಶೀತ, ಅಲರ್ಜಿಗೆ ನುಂಗುವ ಸೆಟ್ರಿಜಿನ್‌ನಂಥ ಮಾತ್ರೆಗಳು, ಖಿನ್ನತೆಯ ಕೆಲವು ಔಷಧಗಳು ಕೂಡ ಒಣಗಿಸಬಹುದು. ಆಳದಲ್ಲಿ ನೋವಾಗುತ್ತಿದ್ದರೆ ಗರ್ಭಕೋಶದ ಗಡ್ಡೆಯೋ, ಗರ್ಭಕೋಶದ ಒಳಪದರದಂಥ ಅಂಗಾಂಶ ಹೊರಗೆ ಬೆಳೆಯುವ ಎಂಡೊಮೆಟ್ರಿಯೋಸಿಸೋ ಇರಬಹುದು, ಅದಕ್ಕೆ ಜೆಲ್ ಮದ್ದಲ್ಲ. ಚೆಲುವಾಂಬಾ ಆಸ್ಪತ್ರೆಯಿರಲಿ, ಖಾಸಗಿ ಆಸ್ಪತ್ರೆಯಿರಲಿ, ಸ್ತ್ರೀರೋಗ ವಿಭಾಗಕ್ಕೆ ಅವರೊಬ್ಬರನ್ನೇ ಕಳಿಸಬೇಡಿ, ಜೊತೆಗೆ ಹೋಗಿ. ಒಳಪರೀಕ್ಷೆಗೆ ಹೆದರುತ್ತಿದ್ದರೆ "ನೋವಿದೆ, ನಿಧಾನವಾಗಿ ಮಾಡಿ" ಎಂದು ಮೊದಲೇ ಹೇಳಬಹುದು. ಬೇಡವೆಂದರೆ ನಿಲ್ಲಿಸುವಂತೆಯೂ ಕೇಳಬಹುದು.

ಪರೀಕ್ಷೆಯಲ್ಲಿ ಬರೀ ಒಣಗಿದ್ದೇ ಕಾರಣವೆಂದು ತಿಳಿದರೆ, ಆಗ ಇಬ್ಬರೂ ಸೇರಿ ಜೆಲ್ ಆರಿಸಿ. ಅದನ್ನು ಹಚ್ಚಿಕೊಳ್ಳಬೇಕೋ ಬೇಡವೋ, ಇವತ್ತು ಬೇಕೋ ನಾಳೆಯೋ ಎಂದು ಹೇಳುವವರು ಅವರೇ. ಲೂಬ್ರಿಕೆಂಟ್ ತಿಕ್ಕಾಟವನ್ನು ಕಡಿಮೆ ಮಾಡುತ್ತದೆ, ಆಸೆಯನ್ನು ತಂದುಕೊಡುವುದಿಲ್ಲ. ಅವರು "ಬೇಡ" ಎಂದ ದಿನ ಬೇಡವೇ ಎಂದು ನೀವು ಒಪ್ಪಿದರೆ, "ಬೇಕು" ಎಂದು ಬಾಯಿಬಿಟ್ಟು ಹೇಳುವ ಧೈರ್ಯ ಅವರಿಗೆ ಬರುತ್ತದೆ.